ಹಿಂದಿನ ಸೀಟಿನ ತೂಕ

ಡಿಸೆಂಬರ್ 1, ಭಾನುವಾರ

ಬೈಕು ಒಳಗೆ ಬಂತು, ಸೋಫಾ ಹೊರಗೆ ಹೋಯಿತು. ಮಾರ್ಚ್‌ವರೆಗೆ ಇದೇ ವ್ಯವಸ್ಥೆ. ಮುಂದಿನ ಕೋಣೆಯಲ್ಲಿ ಬೈಕು, ಅದರ ಎದುರು ಒಂದು ಮೋಟು ಸ್ಟೂಲು, ಸ್ಟೂಲಿನ ಮೇಲೆ ನಾನು. ಬಂದವರು ನಿಂತೇ ಮಾತಾಡಬೇಕು. ಬರುವವರಾದರೂ ಯಾರು, ಮಗಳೊಬ್ಬಳು.

ಬರೆಯುತ್ತಿರುವುದು ವೇಬ್ರಿಡ್ಜಿನ ರಿಜಿಸ್ಟರಿನಲ್ಲಿ. ಮೂವತ್ತಮೂರು ವರ್ಷ ಲಾರಿ ತೂಗಿದ್ದಕ್ಕೆ ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟರು. ರಿಜಿಸ್ಟರನ್ನು ಯಾರೂ ಕೊಡಲಿಲ್ಲ, ನಾನೇ ತಂದುಕೊಂಡೆ. ಒಟ್ಟು ತೂಕ, ಖಾಲಿ ತೂಕ, ಸರಕಿನ ತೂಕ ಅಂತ ಮೂರು ಕಲಂ ಇವೆ. ದಿನಚರಿಗೆ ಕಲಂ ಏಕೆ ಅನ್ನಬಹುದು. ಇರಲಿ, ಬೇಲಿ ಇಲ್ಲದಿದ್ದರೆ ನನ್ನ ಬರವಣಿಗೆ ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರು ಪ್ರೆಸೀ ರೈಟಿಂಗ್ ಕೊಡುತ್ತಿದ್ದರು. ಒಂದು ಪುಟವನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು, ಅರ್ಥ ಕೆಡಬಾರದು. ನಾನು ಇಳಿಸಿದ್ದು ಮೂಲಕ್ಕಿಂತ ಉದ್ದ ಆಗಿರುತ್ತಿತ್ತು. 'ಯು ಆರ್ ಆ್ಯಡಿಂಗ್, ನಾಟ್ ರೆಡ್ಯೂಸಿಂಗ್' ಅಂತ ಒಮ್ಮೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಮಿಕ್ಕ ಇಂಗ್ಲಿಷೆಲ್ಲ ಮರೆತಿದೆ, ಇದೊಂದು ಉಳಿದಿದೆ.

ವಿಷಯಕ್ಕೆ ಬರೋಣ. ಬೆಟ್ಟದಾಚೆಯ ಊರಿನಲ್ಲಿ ಅತ್ತಿಗೆ ಇದ್ದಾರೆ, ಇವಳ, ಅಂದರೆ ನನ್ನ ಹೆಂಡತಿಯ, ಅಕ್ಕ. ನಾನು ನಿವೃತ್ತನಾದ ಮೇಲೆ ದೂರ ಹೋಗುವಂಥ ಬೈಕು ತೆಗೆದುಕೊಂಡು ಬೆಟ್ಟದ ರಸ್ತೆಯಲ್ಲಿ ಅವರ ಮನೆಗೆ ಹೋಗುವುದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮೇ ತಿಂಗಳಲ್ಲಿ ಬೈಕು ಬಂತು. ಇವಳು ಹಿಂದೆ ಕೂತು ಬೀದಿಯ ಕೊನೆಯವರೆಗೆ ಒಂದು ಸಲ ಬಂದಳು. "ಬೆನ್ನಿಗೆ ಏನಾದ್ರೂ ಹಾಕ್ಸಿ, ಇಲ್ದಿದ್ರೆ ನೀವು ಬೈಕಲ್ಲಿ ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ" ಅಂದಳು. ಜೂನ್‌ನಲ್ಲಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಈ ರಿಜಿಸ್ಟರು ಬೈಕಿನದು.

ರಸ್ತೆ ಹಿಮದಿಂದಾಗಿ ಈಗ ಮುಚ್ಚಿದೆ. ಮಾರ್ಚ್ ಎರಡನೇ ವಾರ ತೆರೆಯುತ್ತಾರೆ. ಅಷ್ಟರಲ್ಲಿ ಬೈಕು ಸಜ್ಜಾಗಬೇಕು.

ಬೈಕಿನ ಜತೆ ಬಂದ ಇಂಗ್ಲಿಷ್ ಪುಸ್ತಕವನ್ನು ಓದಿದೆ. ಬೈಕು, ಜನ, ಸಾಮಾನು, ಮೇಲೆ ಹಾಕಿಸಿದ ಆಕ್ಸೆಸರಿ ಎಲ್ಲ ಸೇರಿ ನಾನೂರು ಕಿಲೋ, 'ಶಲ್ ನಾಟ್ ಎಕ್ಸೀಡ್'. ಶಲ್ ಅಂದರೆ ಕಟ್ಟಪ್ಪಣೆ ಅಂತ ಓದಿದ ನೆನಪು. ನನಗೆ ಖುಷಿಯೇ ಆಯಿತು. ತೂಕದ ಮಿತಿ ಇರುವ ವಸ್ತು ನನ್ನ ಕೈಗೆ ಬಂದರೆ ನಾನು ಮನೆಗೆ ಬಂದ ಹಾಗೆ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಬೈಕು 210. ಸವಾರ 76. ಹಿಂದಿನ ಸೀಟು 58. ಉಳಿದದ್ದು 56.

ಐವತ್ತಾರು ಕಿಲೋ ಅಂದರೆ ರಾಜವೈಭೋಗ.

ಡಿಸೆಂಬರ್ 4, ಬುಧವಾರ

ಪಾರ್ಟ್ಸ್ ಅಂಗಡಿಯವನನ್ನು ಎಲ್ಲರೂ ಕರೆಯುವುದು ಗ್ಯಾರಂಟಿ ಅಂತ. ಏನು ಮಾರಿದರೂ ಆ ಮಾತು ಸೇರಿಸದೆ ಮಾರುವುದಿಲ್ಲ. ಎಂಜಿನ್ನಿನ ಎರಡೂ ಬದಿಗೆ ಹಾಕುವ ಕ್ರ್ಯಾಶ್ ಗಾರ್ಡ್ ತೋರಿಸಿದ.

"ಬಿದ್ರೂ ಬಗ್ಗಲ್ಲ ಸಾರ್, ಗ್ಯಾರಂಟಿ."

"ಬೀಳದೇ ಇರೋಕೆ ಏನಾದ್ರೂ ಇದೆಯಾ?"

"ಅದು ಸ್ಟಾಕ್ ಇಲ್ಲ."

ತೂಕ ಎಷ್ಟು ಅಂದೆ. ಕಬ್ಬಿಣದ ತೂಕ ಕೇಳುವವನನ್ನು ಅವನು ಹಳೇ ಸಾಮಾನು ಕೊಳ್ಳುವ ಕಡೆ ಮಾತ್ರ ನೋಡಿದ್ದನಂತೆ. ಮನೆಗೆ ತಂದು ನಾನೇ ತೂಗಿದೆ. ಅಡುಗೆಮನೆಯ ಮೆಷಿನ್ನು ಐದು ಕಿಲೋಗೆ ಕೈ ಎತ್ತುತ್ತದೆ. ಬಚ್ಚಲ ಬಾಗಿಲ ಹತ್ತಿರ ಇರುವುದು ಇವಳದು. ಇವಳು ದಿನಾ ಬೆಳಿಗ್ಗೆ ಹತ್ತಿ, ಐವತ್ತೆಂಟು ದಾಟಿಲ್ಲ ಅಂತ ಖಾತ್ರಿ ಮಾಡಿಕೊಂಡು ಇಳಿಯುತ್ತಿದ್ದ ಮೆಷಿನ್ನು. ಮೊದಲು ಬರೀ ನಾನು ಹತ್ತಿದೆ. ಆಮೇಲೆ ಗಾರ್ಡನ್ನು ಮಗುವಿನ ಹಾಗೆ ತಬ್ಬಿಕೊಂಡು ಹತ್ತಿದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಐದು ಕಿಲೋ ನಾನೂರು ಗ್ರಾಂ. ಲಾರಿಗೂ ಇದೇ ಪದ್ಧತಿ. ತುಂಬಿದ ಲಾರಿ, ಖಾಲಿ ಲಾರಿ, ನಡುವಿನದು ಸರಕು.

ಹಾಕಲು ನಾಲ್ಕು ಗಂಟೆ ಹಿಡಿಯಿತು. ಹಾಕಿ ಮುಗಿದ ಮೇಲೆ ಒಂದು ವಾಷರ್ ಕೈಯಲ್ಲಿ ಉಳಿದಿದೆ. ಎಲ್ಲಿಯದೋ ಗೊತ್ತಿಲ್ಲ.

ಡಿಸೆಂಬರ್ 8, ಭಾನುವಾರ

ಮಗಳು ಬಂದಳು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಅಂಗಡಿಯ ಮೇಲೆಯೇ ವಾಸ. ವಯಸ್ಸು ಮೂವತ್ತಾಯಿತು, ಈಗಲೂ ಒಳಗೆ ಕಾಲಿಡುವ ಮೊದಲೇ ಮಾತು ಒಳಗೆ ಬಂದಿರುತ್ತದೆ.

"ಗಡ್ಡ ತೆಗ್ಸಪ್ಪಾ. ಜೂನ್‌ನಿಂದ ಹೇಳ್ತಿದೀನಿ. ಬೀದಿಯವರು ನಿಮ್ಮಪ್ಪ ಸನ್ಯಾಸಿ ಆದ್ರಾ ಅಂತ ಕೇಳ್ತಾರೆ."

"ಸನ್ಯಾಸಿಗೆ ಕ್ರ್ಯಾಶ್ ಗಾರ್ಡ್ ಯಾಕೆ ಅಂತ ಕೇಳು."

ನಕ್ಕಳು. ಸೋಫಾ ಇಲ್ಲದ್ದರಿಂದ ಬೈಕಿನ ಮೇಲೆಯೇ ಕೂತಳು, ಹಿಂದಿನ ಸೀಟಿನಲ್ಲಿ. ಆಮೇಲೆ ಮೆಲ್ಲಗೆ ವಿಷಯ ತೆಗೆದಳು. "ದೊಡ್ಡಮ್ಮನ ಮನೆಗೆ ನಾನೂ ಬರ್ತೀನಿ. ನಾಲ್ಕು ದಿನ ರಜೆ ಹಾಕ್ತೀನಿ. ನಿನ್ನೊಬ್ಬನ್ನೇ ಆ ರಸ್ತೇಲಿ ಕಳ್ಸೋಕೆ ನನಗೆ ಧೈರ್ಯ ಇಲ್ಲ. ಅಲ್ದೆ ದೊಡ್ಡಮ್ಮನ್ನ ನೋಡಿ ಎಷ್ಟು ದಿನ ಆಯ್ತು."

ನಾನು ಹಿಂದಿನ ಟೈರು ನೋಡಿದೆ. ಟೈರು ನೆಲಕ್ಕೆ ತಾಗುವಲ್ಲಿ ಎಷ್ಟು ಉಬ್ಬುತ್ತದೆ ಅನ್ನುವುದರಿಂದ ಲಾರಿಯ ಹೊರೆ ಹೇಳುವುದು ನನ್ನ ಕಸುಬು. ಟನ್ನಿಗೆ ಐವತ್ತು ಕಿಲೋ ಆಚೀಚೆ ಆಗುತ್ತಿರಲಿಲ್ಲ. ಟೈರು ಹೇಳಿದ್ದು ಅರವತ್ತನಾಲ್ಕು. ಗೋಡೆ ಹೇಳಿದ್ದು, ಉಳಿದಿರುವುದು ಐವತ್ತು ಕಿಲೋ ಆರುನೂರು ಗ್ರಾಂ. ಹಿಡಿಯುವುದಿಲ್ಲ.

"ಆಗಲ್ಲ ಪುಟ್ಟೀ. ತೂಕ ಜಾಸ್ತಿ ಆಗುತ್ತೆ."

"ಏನಂದೆ?"

"ನಿನ್ನನ್ನ ಅಲ್ಲ, ಒಟ್ಟಾರೆ."

"ಒಟ್ಟಾರೆ ಅಂದ್ರೆ ನಾನೇ ತಾನೇ? ಇಷ್ಟು ಕಬ್ಬಿಣಕ್ಕೆ ಜಾಗ ಇದೆ, ನನಗಿಲ್ಲ!"

ಐದು ನಿಮಿಷ ನಾನು ಅವಳನ್ನು ದಪ್ಪ ಅಂದೆನೋ ಇಲ್ಲವೋ ಅನ್ನುವುದರ ಮೇಲೆ ಜಗಳ. ಕೊನೆಗೆ, "ಫೆಬ್ರವರಿ ಹದಿನಾರರೊಳಗೆ ಮಾಲೀಕರಿಗೆ ರಜೆ ಹೇಳ್ಬೇಕು. ಅಷ್ಟರಲ್ಲಿ ನಿನ್ನ ಒಟ್ಟಾರೆ ಸರಿ ಮಾಡ್ಕೋ" ಅಂದು ಎದ್ದು ಹೋದಳು. ಟೈರು ನಿಟ್ಟುಸಿರು ಬಿಟ್ಟಿತು.

ಲೆಕ್ಕವನ್ನು ಮತ್ತೆ ಎರಡು ಸಲ ಮಾಡಿದೆ. ತಪ್ಪಿಲ್ಲ.

ಡಿಸೆಂಬರ್ 15, ಭಾನುವಾರ

ಬೆನ್ನಿನ ಆಸರೆ ಹಾಕಿದೆ. ಆಕ್ಸೆಸರಿ ಕ್ಯಾಟಲಾಗಿನಲ್ಲಿ ಇವಳು ಮೊದಲು ಗುರುತು ಹಾಕಿದ್ದು ಇದಕ್ಕೆ. ಎರಡನೆಯ ಗುರುತು ಹ್ಯಾಂಡಲಿನ ಬಿಸಿ ಹಿಡಿಗಳಿಗೆ. ಚಳಿಯಲ್ಲಿ ನನ್ನ ಬೆರಳು ಮರಗಟ್ಟುತ್ತವೆ ಅಂತ. ಆಸರೆ ಒಂದು ಕಿಲೋ ನಾನೂರು ಗ್ರಾಂ. ಕಪ್ಪು ರೆಕ್ಸಿನ್, ಒಳಗೆ ಮೆತ್ತೆ, ಎರಡು ಬ್ರಾಕೆಟ್ಟು. ಬ್ರಾಕೆಟ್ಟಿನಲ್ಲಿ ಮೂರು ಎತ್ತರಕ್ಕೆ ಮೂರು ತೂತು ಇವೆ. ಯಾವುದು ಅಂತ ಯೋಚಿಸಲಿಲ್ಲ, ಕೆಳಗಿನದಕ್ಕೆ ಹಾಕಿ ಬಿಗಿದೆ. ಇವಳು ಕುಳ್ಳಿ.

ಪರೀಕ್ಷೆಗೆ ನಾನೇ ಹಿಂದೆ ಕೂತು ನೋಡಿದೆ. ಹಿಂದೆ ಕೂತರೆ ಕಾಣುವುದು ಬರೀ ಮುಂದಿನವನ ಬೆನ್ನು. ಮುಂದೆ ಯಾರೂ ಇಲ್ಲದ್ದರಿಂದ ನನಗೆ ಗೋಡೆಯ ಹಾಳೆ ಕಾಣಿಸಿತು. ಈ ಹೆಂಗಸರು ಅಷ್ಟು ದೂರ ಏನು ನೋಡಿಕೊಂಡು ಬರುತ್ತಾರೋ.

ಎರಡೂ ಹೆಲ್ಮೆಟ್ಟಿನ ಗಾಜು ಒರೆಸಿಟ್ಟೆ. ಚಿಕ್ಕದರ ಮೇಲೆಯೇ ಧೂಳು ಜಾಸ್ತಿ ಕೂರುತ್ತದೆ, ಏಕೋ.

ಡಿಸೆಂಬರ್ 19, ಗುರುವಾರ

ಬೋಲ್ಟಿನ ತಲೆ ಮುರಿದು ಮಿಕ್ಕದ್ದು ಒಳಗೆ ಉಳಿಯಿತು. ಇವತ್ತಿಗಿಷ್ಟೆ.

ಡಿಸೆಂಬರ್ 29, ಭಾನುವಾರ

ಮುಂದಿನ ಎರಡು ಫಾಗ್ ಲ್ಯಾಂಪು ಹಾಕುತ್ತಿರುವುದು ಇದು ಮೂರನೆಯ ಭಾನುವಾರ. ಮೊದಲ ಭಾನುವಾರ ಫ್ಯೂಸ್ ಹೋಯಿತು. ಎರಡನೆಯ ಭಾನುವಾರ ಹಾರನ್ ಒತ್ತಿದರೆ ದೀಪ ಹತ್ತುತ್ತಿತ್ತು, ದೀಪದ ಸ್ವಿಚ್ಚು ಒತ್ತಿದರೆ ಹಾರನ್ ಹೊಡೆದುಕೊಳ್ಳುತ್ತಿತ್ತು. ಪಕ್ಕದ ಮನೆಯ ಮೇಷ್ಟ್ರು ಕಿಟಕಿಯಿಂದ, "ಹೊರಟ್ರಾ?" ಅಂದರು. "ಇಲ್ಲ, ದೀಪ ಹಾಕ್ತಿದೀನಿ" ಅಂದೆ. ಅವರು ಕಿಟಕಿ ಮುಚ್ಚಿಕೊಂಡರು.

ಇವತ್ತು ಗ್ಯಾರಂಟಿಯೇ ಬಂದು ನೋಡಿದ. ಕೆಂಪು ವೈರಿನ ಜಾಗಕ್ಕೆ ಕಂದು, ಕಂದಿನ ಜಾಗಕ್ಕೆ ಕೆಂಪು.

"ನೀವು ಇಷ್ಟು ಓದಿದೀರಿ, ಬಣ್ಣ ಗೊತ್ತಾಗಲ್ವಾ ಸಾರ್?"

"ನಾನು ಓದಿದ ಕಾಲದಲ್ಲಿ ಡಯಾಗ್ರಾಮೆಲ್ಲ ಕಪ್ಪು ಬಿಳುಪು."

ಅವನು ಬೈಕನ್ನು ಒಂದು ಸುತ್ತು ಹಾಕಿದ. ಕ್ರ್ಯಾಶ್ ಗಾರ್ಡ್, ಸೆಂಟರ್ ಸ್ಟ್ಯಾಂಡ್, ಎಂಜಿನ್ನಿನ ಕೆಳಗಿನ ದಪ್ಪ ತಗಡು, ದೊಡ್ಡ ಗಾಳಿಗಾಜು, ಕೈಗಾರ್ಡು, ಬಿಸಿ ಹಿಡಿ, ಬೆನ್ನಿನ ಆಸರೆ.

"ಹಿಂದೆ ಯಾರು ಸಾರ್ ಕೂರೋದು?"

"ಯಾಕೆ?"

"ಆಸರೆ ತುಂಬಾ ಕೆಳಗೆ ಹಾಕಿದೀರಲ್ಲ. ಎತ್ತರದವರಾದ್ರೆ ಸೊಂಟಕ್ಕೆ ಹೊಡೆಯುತ್ತೆ, ಗ್ಯಾರಂಟಿ."

"ಎತ್ತರದವರಲ್ಲ" ಅಂದೆ.

ಜನವರಿ 5, ಭಾನುವಾರ

ಸೈಡ್ ಬಾಕ್ಸು, ಟಾಪ್ ಬಾಕ್ಸು, ಅವನ್ನು ಹಿಡಿಯುವ ಚೌಕಟ್ಟು ಎಲ್ಲ ಬಂದವು. ಈ ಮೂರೇ ಇಪ್ಪತ್ತೊಂದು ಕಿಲೋ ಇನ್ನೂರು ಗ್ರಾಂ! ಆಕ್ಸೆಸರಿ ಮೊತ್ತ ಮೂವತ್ತೊಂಬತ್ತಕ್ಕೆ ಬಂದು ನಿಂತಿತು. ಸಾಮಾನಿಗೆ ಉಳಿದದ್ದು ಹದಿನೇಳು. ಟೂಲ್ಸು, ಬಟ್ಟೆ, ಅತ್ತಿಗೆಗೆ ಒಯ್ಯಬೇಕಾದ ಉಣ್ಣೆಯ ಗಂಟು ಸೇರಿದರೆ ಇಪ್ಪತ್ತೊಂದು ಬೇಕು. ನಾಲ್ಕು ಕಿಲೋ ಎಲ್ಲಿಂದ ತರುವುದು?

ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಬೈಕನ್ನು ಕೊರೆಯಲಾಗದು. ಗಾರ್ಡು ಬೇಕೇ ಬೇಕು. ಬಾಕ್ಸಿಲ್ಲದೆ ಸಾಮಾನಿಲ್ಲ. ಎಲ್ಲವನ್ನೂ ಒಂದೊಂದಾಗಿ ವಿಚಾರಣೆ ಮಾಡಿದ ಮೇಲೆ ಕಡಿಮೆ ಮಾಡಲು ಆಗುವಂಥದ್ದು ಒಂದೇ ಸಾಲು ಕಂಡಿತು: ಸವಾರ 76.

ಇಂದಿನಿಂದ ಸಕ್ಕರೆ ಇಲ್ಲ, ಸಂಜೆ ತಿಂಡಿ ಇಲ್ಲ, ರಾತ್ರಿ ಅರ್ಧ ಊಟ. ಸಿಂಪಲ್ ಅರಿತ್ಮೆಟಿಕ್.

ಜನವರಿ 16, ಗುರುವಾರ

ಮಗಳು ಡಬ್ಬಿ ತಂದಿದ್ದಳು. ಅರ್ಧ ತಿಂದು ಮುಚ್ಚಿಟ್ಟೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಅಪ್ಪಾ, ಬೆಲ್ಟಿಗೆ ಹೊಸ ತೂತು ಯಾವಾಗ ಹಾಕ್ದೆ?"

"ಡ್ರಿಲ್ ಕೈಯಲ್ಲಿತ್ತು, ಹಾಕ್ದೆ."

"ಡಾಕ್ಟರ ಹತ್ರ ಹೋಗೋಣ. ನೀನು ಸರಿಯಾಗಿ ಊಟ ಮಾಡ್ತಿಲ್ಲ. ನನಗೆ ಅರ್ಥ ಆಗುತ್ತೆ, ಅಮ್ಮ ಇಲ್ದೆ..."

"ಅಮ್ಮನಿಗೂ ಇದಕ್ಕೂ ಏನು ಸಂಬಂಧ? ಸಾಮಾನಿಗೆ ನಾಲ್ಕು ಕಿಲೋ ಕಮ್ಮಿ ಬಿತ್ತು, ಅಷ್ಟೆ."

ಅವಳು ಡಬ್ಬಿ ಎತ್ತಿಕೊಂಡಳು. ಈಗಿನವರಿಗೆ ಎಲ್ಲದರ ಹಿಂದೆಯೂ ಭಾವನೆ ಹುಡುಕುವ ಚಟ. ಒಬ್ಬ ಮನುಷ್ಯ ಲೆಕ್ಕಕ್ಕಾಗಿ ಉಪವಾಸ ಮಾಡಿದರೆ ನಂಬುವುದಿಲ್ಲ.

ಅವಳು ಹೋದ ಮೇಲೆ ಅತ್ತಿಗೆಯ ಫೋನು. ಕಿವಿ ಕೇಳುವುದು ಕಡಿಮೆ, ಹಾಗಾಗಿ ಕೂಗುತ್ತಾರೆ. ಮಂಡಿ ನೋವು, ಮನೆ ಬಿಟ್ಟು ಹೊರಗೆ ಹೋಗದೆ ಎರಡು ವರ್ಷ ಆಯಿತು, ತಂಗಿಯನ್ನು ಕಳಿಸಿಕೊಡಲೂ ಬರಲಾಗಲಿಲ್ಲ ಅಂತ ಮೊದಲ ಹತ್ತು ನಿಮಿಷ. ಕೊನೆಗೆ, "ರಸ್ತೆ ತೆಗೆದ ಕೂಡ್ಲೆ ಇಬ್ರೂ ಬಂದ್ಬಿಡಿ. ಆ ಹುಡುಗಿ ಮುಖದಲ್ಲಾದ್ರೂ ಅವಳನ್ನ ನೋಡ್ತೀನಿ" ಅಂದರು.

"ಇಬ್ರೂ ಬರ್ತೀವಿ ಅತ್ತಿಗೆ" ಅಂದುಬಿಟ್ಟೆ.

ಫೋನಿಟ್ಟ ಮೇಲೆ ಗೋಡೆ ನೋಡಿದೆ. ಇಬ್ಬರೂ ಅಂತ ಹೇಳಿಯಾಯಿತು. ಹಾಳೆಯಲ್ಲೂ ಇಬ್ಬರೇ ಇದ್ದಾರೆ. ಮತ್ತೆ ಮಗಳಿಗೆ ಜಾಗ ಎಲ್ಲಿ? ಮಾತು ಕೊಡುವ ಮೊದಲು ಲೆಕ್ಕ ನೋಡಬೇಕಿತ್ತು.

ಫೆಬ್ರವರಿ 2, ಭಾನುವಾರ

ಇವತ್ತಿಗೆ 72. ನಾಲ್ಕು ಕಿಲೋ ಇಳಿಸಿದ್ದೇನೆ. ಪ್ರೆಸೀ ರೈಟಿಂಗಿನಲ್ಲಿ ಆಗದ್ದು ಹೊಟ್ಟೆಯಲ್ಲಿ ಆಯಿತು. ಲೆಕ್ಚರರು ಬದುಕಿದ್ದರೆ ತೋರಿಸಬಹುದಿತ್ತು.

ಈಗ ಹಾಳೆ ಹೀಗಿದೆ: ಬೈಕು 210, ಸವಾರ 72, ಹಿಂದಿನ ಸೀಟು 58, ಆಕ್ಸೆಸರಿ 39, ಸಾಮಾನು 21. ಒಟ್ಟು ನಾನೂರು. ಉಳಿದದ್ದು ಸೊನ್ನೆ. ಇಷ್ಟು ಚೊಕ್ಕ ಲೆಕ್ಕವನ್ನು ಮೂವತ್ತಮೂರು ವರ್ಷದಲ್ಲಿ ಯಾವ ಲಾರಿಯೂ ನನಗೆ ಕೊಟ್ಟಿಲ್ಲ.

ಮಗಳು ಅರವತ್ತನಾಲ್ಕು. ಅವಳಿಗೆ ಜಾಗ ಮಾಡಬೇಕೆಂದರೆ ಆಕ್ಸೆಸರಿ, ಸಾಮಾನು ಎರಡನ್ನೂ ಇಲ್ಲೇ ಬಿಟ್ಟು, ಆಮೇಲೂ ನಾನು ಇನ್ನೊಂದು ನಾಲ್ಕು ಕಿಲೋ ಇಳಿಯಬೇಕು. ಮನಸ್ಸಿಲ್ಲ ಅಂತಲ್ಲ. ಹಿಡಿಯುವುದಿಲ್ಲ. ಇದನ್ನು ಅವಳಿಗೆ ಹೇಗೆ ಹೇಳುವುದು? ಹದಿನಾರಕ್ಕೆ ಇನ್ನು ಎರಡು ವಾರ.

ಫೆಬ್ರವರಿ 9, ಭಾನುವಾರ

ಮಗಳು ಬಂದಳು. ನಾನು ಬೈಕಿನ ಕೆಳಗೆ ಮಲಗಿ ತಗಡಿನ ಬೋಲ್ಟು ಬಿಗಿಯುತ್ತಿದ್ದೆ. ಅವಳ ಕಾಲು ಮಾತ್ರ ಕಾಣುತ್ತಿತ್ತು. ಕಾಲು ಗೋಡೆಯ ಹತ್ತಿರ ಹೋಗಿ ನಿಂತಿತು. ಬಹಳ ಹೊತ್ತು ಅಲ್ಲಾಡಲಿಲ್ಲ.

"ಅಪ್ಪಾ, ಸವಾರ ಎಪ್ಪತ್ತೆರಡು ಅಂದ್ರೆ ನೀನು."

"ಹೌದು. ಎಪ್ಪತ್ತಾರಿತ್ತು."

"ಹಿಂದಿನ ಸೀಟು ಐವತ್ತೆಂಟು. ಇದ್ಯಾರು?"

"ಅದು ಸ್ಟ್ಯಾಂಡರ್ಡು."

"ಯಾರ ಸ್ಟ್ಯಾಂಡರ್ಡು?"

"ಪುಸ್ತಕದ್ದು. ಹಿಂದಿನವರಿಗೆ ಇಷ್ಟು ಅಂತ ಹಿಡ್ಕೋಬೇಕು."

"ತೋರ್ಸು."

ಎದ್ದು ಬಂದು ಪುಸ್ತಕ ತೆಗೆದೆ. ತೂಕದ ಪುಟ, ಅದರ ಹಿಂದಿನ ಪುಟ, ಮುಂದಿನ ಪುಟ. 'ಪ್ಯಾಸೆಂಜರ್' ಅಂತ ಇದೆ. ಎಷ್ಟು ಕಿಲೋ ಅಂತ ಎಲ್ಲೂ ಇಲ್ಲ. ಕೊನೆಯ ಹಾಳೆಯವರೆಗೆ ಹುಡುಕಿದೆ. ಬ್ಯಾಟರಿ ಬದಲಿಸುವುದು ಹೇಗೆ ಅಂತ ಇದೆ, ಬಹಳ ದಿನ ಓಡಿಸದಿದ್ದರೆ ಏನು ಮಾಡಬೇಕು ಅಂತ ಇದೆ.

"ಐವತ್ತೆಂಟು ಅಮ್ಮಂದಲ್ವಾ?" ಅಂದಳು.

ನಾನು ಪುಟ ತಿರುವುತ್ತಿದ್ದೆ.

"ಅದಕ್ಕೇ ನನಗೆ ಜಾಗ ಇಲ್ಲ ಅಂತಿದ್ದೆ. ಎರಡು ತಿಂಗಳಿಂದ ನಾನು ಸಂಜೆ ತಿಂಡಿ ಬಿಟ್ಟು ಸಾಯ್ತಿದೀನಿ, ದಪ್ಪ ಆಗಿದೀನಿ ಅಂತ! ನಾನೆಲ್ಲಿ ಕೂತ್ಕೊಳ್ಳಲಪ್ಪಾ? ಅಮ್ಮನ ತೊಡೆ ಮೇಲಾ?"

ಹೇಳಿದ್ದೇ ನಗಲು ಶುರು ಮಾಡಿದಳು. ನನಗೂ ನಗು ಬಂತು. ಆಮೇಲೆ ಅವಳು ಅಡುಗೆಮನೆಗೆ ಹೋದಳು, ನಲ್ಲಿ ಬಿಟ್ಟಳು. ನಲ್ಲಿ ಬಹಳ ಹೊತ್ತು ಓಡಿತು. ತೊಳೆಯಲು ಒಂದು ಲೋಟ ಬಿಟ್ಟರೆ ಬೇರೇನೂ ಇರಲಿಲ್ಲ.

ಫೆಬ್ರವರಿ 10, ಸೋಮವಾರ

ಏನೂ ಮಾಡಲಿಲ್ಲ. ರಬ್ಬರು ಹುಡುಕಿದೆ. ಸಿಕ್ಕಿತು. ಪೆನ್ಸಿಲು ಚೂಪು ಮಾಡಿ ಇಟ್ಟೆ.

ಫೆಬ್ರವರಿ 12, ಬುಧವಾರ

ಬಿಸಿಲಿತ್ತು. ಬೈಕನ್ನು ಹೊರಗೆ ತೆಗೆದು ವೇಬ್ರಿಡ್ಜಿಗೆ ಓಡಿಸಿಕೊಂಡು ಹೋದೆ. ಒಮ್ಮೆ ನಿಜವಾದ ಕಾಟಾದ ಮೇಲೆ ತೂಗೋಣ ಅಂತ. ನನ್ನ ಜಾಗದಲ್ಲಿ ಈಗ ಒಬ್ಬ ಹೆಂಗಸು ಇದ್ದಾಳೆ. ಗಾಜಿನ ಹಿಂದೆ ಅದೇ ಕುರ್ಚಿ, ಮೇಲೆ ಹೊಸ ದಿಂಬು. ನನ್ನನ್ನು ಗುರುತಿಸಲಿಲ್ಲ. ಬೈಕನ್ನು ಅಷ್ಟು ದೊಡ್ಡ ತಗಡಿನ ನಟ್ಟನಡುವೆ ನಿಲ್ಲಿಸಿದರೆ ಮೈದಾನದಲ್ಲಿ ಬಿಟ್ಟ ಮೇಕೆಮರಿಯ ಹಾಗೆ ಕಾಣಿಸಿತು. ನಾನು ಇಳಿದು ಪಕ್ಕಕ್ಕೆ ಬಂದೆ.

ಸ್ಪೀಕರಿನಿಂದ ಅವಳ ದನಿ: "ಖಾಲೀನಾ, ಲೋಡಾ?"

ಕೇಳಿದ್ದರಲ್ಲಿ ಏನೂ ವಿಶೇಷ ಇಲ್ಲ. ಚೀಟಿಯಲ್ಲಿ ಬರೆಯಬೇಕಲ್ಲ, ಬಂದ ಪ್ರತಿ ಗಾಡಿಗೂ ಕೇಳಬೇಕು. ಮೂವತ್ತಮೂರು ವರ್ಷ ನಾನೂ ಕೇಳಿದ್ದೇನೆ. ಅದೇ ಸ್ಪೀಕರು, ಅದೇ ಗೊಗ್ಗರು ದನಿ. ಉತ್ತರಕ್ಕೆ ಅಷ್ಟು ಹೊತ್ತು ತೆಗೆದುಕೊಳ್ಳುವ ಡ್ರೈವರನ್ನು ನಾನು ಬೈಯುತ್ತಿದ್ದೆ. ಅವಳೂ ಬೈದಳು. "ಯಜಮಾನ್ರೇ, ಹಿಂದೆ ಗಾಡಿ ನಿಂತಿವೆ. ಹಿಂದಿನ ಸೀಟಲ್ಲಿ ಏನೂ ಇಲ್ವಲ್ಲ? ಖಾಲಿ ಅಂತ ಬರೀಲಾ?"

"ಬರ್ಕೊಳ್ಳಮ್ಮ" ಅಂದೆ. "ಖಾಲಿ."

ಚೀಟಿ ಬಂತು. ಇನ್ನೂರ ಐವತ್ತು. ನನ್ನ ಲೆಕ್ಕ ಇನ್ನೂರ ನಲವತ್ತೊಂಬತ್ತು. ಈ ಕಾಟಾಕ್ಕೆ ಹತ್ತು ಕಿಲೋಗಿಂತ ಕಡಿಮೆಯದು ಕಣ್ಣಿಗೆ ಬೀಳುವುದಿಲ್ಲ. ನಾನು ಎರಡೂವರೆ ತಿಂಗಳು ಗ್ರಾಮಿನಲ್ಲಿ ಬದುಕಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಬಂದ ಇವಳು ಇದೇ ತಗಡಿನ ಮೇಲೆ ನಿಂತು, ನನ್ನನ್ನೂ ತೂಗಿ ಅಂದಿದ್ದಳು. ಐವತ್ತು ಅಂತ ಬಂತು. ಕುಣಿದಾಡಿದಳು. ಮೂಟೆ ತೂಗುವ ಚಿಕ್ಕ ಮೆಷಿನ್ನಿನ ಮೇಲೆ ನಿಲ್ಲಿಸಿದೆ, ಐವತ್ತನಾಲ್ಕು. "ದೊಡ್ಡದೇ ಸರಿ, ಇದು ಕೆಟ್ಟಿದೆ" ಅಂದಳು. ಮುಂದೆ ಐವತ್ತೆಂಟಾದ ಮೇಲೆ ಅವಳು ಆ ದೊಡ್ಡದರ ಕಡೆ ತಲೆ ಹಾಕಲಿಲ್ಲ. ಅರವತ್ತು ಅನ್ನುತ್ತದೆ ಅಂತ ಗೊತ್ತಿತ್ತು.

ಮನೆಗೆ ಬಂದು ಹಾಳೆಯ ಒಂದು ಸಾಲನ್ನು ರಬ್ಬರಿನಲ್ಲಿ ಒರೆಸಿದೆ. ಪೂರ್ತಿ ಹೋಗಲಿಲ್ಲ. ಒತ್ತಿ ಬರೆದಿದ್ದೆ ಅಂತ ಕಾಣುತ್ತದೆ.

ಫೆಬ್ರವರಿ 16, ಭಾನುವಾರ

ಗೋಡೆಯ ಹಾಳೆಯನ್ನು ಕಿತ್ತು, ಮಡಚಿ, ಚಿಕ್ಕ ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು ಕನ್ನಡಕದಂಗಡಿಗೆ ಹೋದೆ. ಮಾಲೀಕರು ಊಟಕ್ಕೆ ಹೋಗಿದ್ದರು. ಮಗಳು ಒಂದು ಗಾಜನ್ನು ಬೆಳಕಿಗೆ ಹಿಡಿದಿದ್ದಳು.

"ಇದು ನಿನ್ನ ತಲೆಗೆ ಹಿಡಿಯುತ್ತಾ ನೋಡು" ಅಂತ ಹೆಲ್ಮೆಟ್ಟು ಕೊಟ್ಟೆ.

ಹಾಕಿಕೊಂಡಳು. ಕಿವಿ ಮಡಚಿಕೊಂಡಿತು. "ಬಿಗಿ ಇದೆ" ಅಂದಳು ಒಳಗಿನಿಂದ.

"ನಿಮ್ಮಮ್ಮನ ತಲೆ ಚಿಕ್ಕದು. ಹೊಸದು ತರೋಣ. ನಿನ್ನ ಮಾಲೀಕರಿಗೆ ರಜೆ ಹೇಳ್ಬಿಡು."

ಹೆಲ್ಮೆಟ್ಟು ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕೂದಲು ಕೆದರಿತ್ತು. ಅಲ್ಲಿ ಮಾತಾಡಬೇಕಾದ್ದು ಬಹಳ ಇತ್ತು. ಇಬ್ಬರೂ ಹಾಳೆ ಬಿಡಿಸಿ ಕೌಂಟರಿನ ಮೇಲೆ ಹರಡಿಕೊಂಡೆವು.

"ತೂಕ ಎಷ್ಟು ಬರೀಲಿ?" ಅಂತ ಕೇಳಿದೆ. ತಂದೆಯಾದವನಿಗೆ ಸುಲಭದ ಪ್ರಶ್ನೆ ಅಲ್ಲ.

ಅವಳು ನನ್ನ ಕೈಯಿಂದ ಪೆನ್ಸಿಲು ಕಿತ್ತುಕೊಂಡು ತಾನೇ ಬರೆದಳು. ಹಿಂದಿನ ಸೀಟು 57.

"ನೋಡು, ಅಮ್ಮನಿಗಿಂತ ಒಂದು ಕಿಲೋ ಕಮ್ಮೀನೇ. ಒಂದು ಕಿಲೋ ಉಳೀತು ನಿನಗೆ."

ಗಾಜು ಉಜ್ಜುವಾಗ ಕಾಲು ಪವರ್ ತಪ್ಪಿದರೆ ರಾತ್ರಿ ನಿದ್ದೆ ಬರುವುದಿಲ್ಲ ಅವಳಿಗೆ. ಇಲ್ಲಿ ಏಳು ಕಿಲೋವನ್ನು ಕಣ್ಣು ಮಿಟುಕಿಸದೆ ನುಂಗಿದಳು. ಮೂವತ್ತಮೂರು ವರ್ಷ ಹೊರೆ ಕಡಿಮೆ ಹೇಳಿದ ಡ್ರೈವರುಗಳನ್ನೆಲ್ಲ ಗಾಡಿಯಿಂದ ಇಳಿಸಿ ನಿಲ್ಲಿಸಿದ್ದೇನೆ.

"ಸರಿ" ಅಂದೆ.

ಮಾರ್ಚ್ 2, ಭಾನುವಾರ

ಐವತ್ತೇಳಾದರೆ ಒಂದು ಕಿಲೋ ಮಿಗುತ್ತದೆ. ಅರವತ್ತನಾಲ್ಕಾದರೆ ಆರು ಕಿಲೋ ಹೆಚ್ಚು. ಹಾಳೆಯಲ್ಲಿ ಐವತ್ತೇಳು ಇದೆ, ಇರಲಿ. ಆರು ಕಿಲೋವನ್ನು ಬೇರೆ ಕಡೆ ಹುಡುಕಬೇಕು.

ಟಾಪ್ ಬಾಕ್ಸು ಬಿಚ್ಚಿದೆ. ನಾಲ್ಕು ಕಿಲೋ ಎಂಟುನೂರು. ಅದರೊಳಗೆ ಇಡಬೇಕೆಂದಿದ್ದುದನ್ನೆಲ್ಲ ಸೈಡ್ ಬಾಕ್ಸಿಗೆ ತುರುಕಿದೆ. ಫಾಗ್ ಲ್ಯಾಂಪು ಬಿಚ್ಚಿದೆ. ಒಂದು ಕಿಲೋ ನೂರು. ಹಾಕಲು ಮೂರು ಭಾನುವಾರ, ಬಿಚ್ಚಲು ಹನ್ನೊಂದು ನಿಮಿಷ. ದೀಪದ ಹಿಂದೆ ಕ್ರ್ಯಾಶ್ ಗಾರ್ಡಿನ ಬೋಲ್ಟಿನಲ್ಲಿ ಒಂದು ಜಾಗ ಖಾಲಿ ಇದ್ದದ್ದು ಆಗ ಕಂಡಿತು. ಡಿಸೆಂಬರಿನ ವಾಷರು ಅಲ್ಲಿಯದು.

ಬೆನ್ನಿನ ಆಸರೆಯನ್ನು ಮೇಲಿನ ತೂತಿಗೆ ಏರಿಸಿದೆ. ಮಗಳು ಎತ್ತರ, ನನ್ನ ಕಡೆಯವಳು.

ಮಗಳು ಬಂದಾಗ, "ದೀಪ, ಡಬ್ಬ ಎಲ್ಲ ಯಾಕೆ ತೆಗೆದೆ?" ಅಂದಳು.

"ಗಾಳಿ ಹಿಡಿಯುತ್ತೆ."

"ಅಷ್ಟು ಕಷ್ಟಪಟ್ಟು ಹಾಕಿದ್ದೆಯಲ್ಲಪ್ಪಾ."

"ಸೆಂಟರ್ ಆಫ್ ಗ್ರಾವಿಟಿ" ಅಂದೆ. ಇಂಗ್ಲಿಷಿನಲ್ಲಿ ಹೇಳಿದರೆ ಅವಳು ಮತ್ತೆ ಕೇಳುವುದಿಲ್ಲ, ಅವಳ ಅಮ್ಮನೂ ಹಾಗೇ.

ಇನ್ನು ನೂರು ಗ್ರಾಂ ಬಾಕಿ. ಬೈಕಿನಲ್ಲಿ ಬಿಚ್ಚಲು ಏನೂ ಉಳಿದಿಲ್ಲ.

ಮಾರ್ಚ್ 8, ಶನಿವಾರ

ನಾಳೆ ಬೆಳಿಗ್ಗೆ ಹೊರಡುವುದು. ರಸ್ತೆ ತೆರೆದಿದೆ. ಅತ್ತಿಗೆಗೆ ಫೋನು ಮಾಡಿ ಇಬ್ಬರೂ ಬರುತ್ತೇವೆ ಅಂತ ಇನ್ನೊಮ್ಮೆ ಕೂಗಿದೆ. ಸೋಫಾ ಒಳಗೆ ಬಂತು.

ಕ್ಷೌರದಂಗಡಿಗೆ ಹೋಗಿ ಗಡ್ಡ ತೆಗೆಸಿದೆ. ನೂರು ಗ್ರಾಂ ಅಂತ ಬರೆದುಕೊಂಡೆ. ಮೇಷ್ಟ್ರು ಕಿಟಕಿಯಿಂದ, "ಹೊರಟ್ರಾ?" ಅಂದರು. ಈ ಸಲ ಹೌದು ಅಂದೆ.

ಸಂಜೆ ಮಗಳು ತನ್ನ ಚೀಲ, ಹೊಸ ಹೆಲ್ಮೆಟ್ಟು ತಂದಳು. ನನ್ನ ಮುಖ ಕಂಡು ಕೆನ್ನೆ ಮುಟ್ಟಿ ನೋಡಿದಳು. ಸೀಟು ಹತ್ತಿ ಕೂತಳು. ಆಸರೆಗೆ ಒರಗಿ, "ಸರಿಯಾಗಿದೆ" ಅಂದಳು.

ನಾನು ಬಗ್ಗಿ ಹಿಂದಿನ ಟೈರು ನೋಡಿದೆ.

ಅರವತ್ತನಾಲ್ಕು. ನೂರು ಗ್ರಾಂ ಆಚೀಚೆ. ಗಡ್ಡ ತೆಗೆಸಿದ್ದು ಒಳ್ಳೆಯದಾಯಿತು.